ಚಾರ್ಲ್ಸ್ ಮ್ಯಾನಿಂಗ್ ಚೈಲ್ಡ್

ಸಿಹಿನೀರಿನ ಪ್ಲನೇರಿಯ ಎಂಬ ಚಪ್ಪಟೆ ಹುಳುವನ್ನು ಕತ್ತರಿಸಿದರೆ ತುಂಡುಗಳು ಮತ್ತೆ ಪೂರ್ಣ ಹುಳುಗಳಾಗುತ್ತವೆ. ಆದರೆ ತಲೆ ಮುಂದಿನ ತುದಿಯಲ್ಲಿಯೇ ಏಕೆ ಮೂಡುತ್ತದೆ? ಈ ಪ್ರಶ್ನೆಯ ಬೆನ್ನು ಹತ್ತಿ ಬಾಳನ್ನು ಸವೆಸಿದವನು ಚೈಲ್ಡ್. 1869ರಲ್ಲಿ ಅಮೆರಿಕದಲ್ಲಿ ಜನಿಸಿದ ಇವನು ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಸುಮಾರು 40 ವರ್ಷ ದುಡಿದನು.

ಹುಳುಗಳನ್ನು ಸಯನೈಡ್ ಬೆರೆಸಿದ ನೀರಿನಲ್ಲಿರಿಸಿದಾಗ ತಲೆಯ ಭಾಗವೇ ಮೊದಲು ನಾಶವಾಯಿತು. ಚಯಾಪಚಯ ತೀವ್ರವಾಗಿರುವಲ್ಲಿ ವಿಷ ಬೇಗ ತಾಗುತ್ತದೆ. ತಲೆಯಿಂದ ಬಾಲದತ್ತ ಕುಗ್ಗುವ ಈ ಚಯಾಪಚಯದ ಇಳಿಜಾರೇ ಅಂಗಗಳ ಸ್ಥಾನವನ್ನು ನಿರ್ಧರಿಸುತ್ತದೆಂದು ಅವನು ವಾದಿಸಿದನು. ಅನೇಕ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. 1954ರಲ್ಲಿ ಅವನು ನಿಧನನಾದನು.

2008ರಲ್ಲಿ ಬೀಟಾ-ಕೆಟೆನಿನ್ ಎಂಬ ಪ್ರೋಟೀನನ್ನು ತಡೆದಾಗ ಬಾಲವಿರಬೇಕಾದೆಡೆ ತಲೆ ಮೂಡಿತು. ದಾರಿ ತೋರುವವು ಮುಖ್ಯವಾಗಿ ಇಂಥ ಅಣುಗಳೆಂದು ಈಗ ತಿಳಿದಿದೆ. ಆದರೂ ದೇಹದುದ್ದಕ್ಕೂ ಕ್ರಮವಾದ ಇಳಿಜಾರೊಂದಿದೆಯೆಂಬ ಚೈಲ್ಡನ ಕಾಣ್ಕೆ ಇಂದಿಗೂ ನಿಂತಿದೆ.