ಡಾನ್ ಬಾಸ್ಕೊ: ಮನೆಯೊಳಗೇ ನೊಂದ ಮಕ್ಕಳ ಗೆಳೆಯ

ಜನವರಿ 31 ಬಂತೆಂದರೆ ನಮ್ಮ ಇಗರ್ಜಿಗಳಲ್ಲಿ, ಶಾಲೆಗಳಲ್ಲಿ ಸಂತ ಜಾನ್ ಬಾಸ್ಕೊ ಅವರ ಹಬ್ಬ. ಮಕ್ಕಳಿಗೆ ಸಿಹಿ ಹಂಚಿ, ಒಂದೆರಡು ಆಟ ಆಡಿಸಿ, ಅವರನ್ನು ಯುವಜನರ ತಂದೆ ಮತ್ತು ಗುರು ಎಂದು ಕೊಂಡಾಡಿ ನಾವು ಹಬ್ಬ ಮುಗಿಸುತ್ತೇವೆ. ಮಕ್ಕಳ ನಡುವೆ ಜಾದೂ ತೋರಿಸುವ ನಗುಮುಖದ ಧರ್ಮಗುರುವಿನ ಚಿತ್ರವೇ ನಮ್ಮೆಲ್ಲರ ಮನಸ್ಸಿನಲ್ಲಿದೆ. ಆದರೆ ಸ್ವಂತ ಮನೆಯಲ್ಲೇ ನೊಂದು, ಹನ್ನೆರಡನೇ ವಯಸ್ಸಿನಲ್ಲಿ ಬಟ್ಟೆಗಂಟು ಹಿಡಿದು ಮನೆ ಬಿಟ್ಟ ಬಾಲಕ ಜಾನ್ ಬಗ್ಗೆ ನಾವು ಪ್ರವಚನಗಳಲ್ಲಿ ಹೇಳುವುದು ಕಡಿಮೆ.

ಉತ್ತರ ಇಟಲಿಯ ಪಿಯೆಮೊಂಟ್ ಪ್ರಾಂತದ ಬೆಕ್ಕಿ ಎಂಬ ಪುಟ್ಟ ಊರಿನಲ್ಲಿ 1815ರ ಆಗಸ್ಟ್ 16ರಂದು ಜಾನ್ ಹುಟ್ಟಿದರು. ತಂದೆ ಫ್ರಾನ್ಸಿಸ್ ಬಡ ರೈತ. 1817ರ ಮೇ ತಿಂಗಳಲ್ಲಿ ಒಂದು ದಿನ ಬೆವರಿದ ಮೈಯಲ್ಲೇ ತಣ್ಣಗಿನ ನೆಲಮಾಳಿಗೆಗೆ ಇಳಿದವರು ಜ್ವರ ಹಿಡಿದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಜಾನ್‌ಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ಶವವಿದ್ದ ಕೋಣೆಯಿಂದ ಎಲ್ಲರೂ ಹೊರಡುವಾಗ, ಅಪ್ಪ ಬಾರದೆ ತಾನು ಬರುವುದಿಲ್ಲವೆಂದು ಹಟ ಹಿಡಿದದ್ದು, ಅಮ್ಮ ಅಳುತ್ತಾ ಕೈಹಿಡಿದು ಕರೆದೊಯ್ದದ್ದು ತಮ್ಮ ಬದುಕಿನ ಮೊತ್ತಮೊದಲ ನೆನಪೆಂದು ಡಾನ್ ಬಾಸ್ಕೊ ಅರವತ್ತರ ಹತ್ತಿರ ಬರೆದ ಆತ್ಮಕಥನದಲ್ಲಿ ದಾಖಲಿಸಿದ್ದಾರೆ.

ತಾಯಿ ಮಾರ್ಗರೀಟಾರಿಗೆ ಆಗ ಇಪ್ಪತ್ತೊಂಬತ್ತು ವರ್ಷ. ಊರಿಗೆಲ್ಲ ಬರಗಾಲ. ಮನೆಯಲ್ಲಿ ಕಾಯಿಲೆಯ ಅತ್ತೆ, ಸ್ವಂತ ಮಕ್ಕಳಾದ ಜೋಸೆಫ್ ಮತ್ತು ಜಾನ್, ಜೊತೆಗೆ ಗಂಡನ ಮೊದಲ ಹೆಂಡತಿಯ ಮಗ ಆಂತೋನಿಯೊ. ಅನುಕೂಲಸ್ಥ ಕುಟುಂಬದಿಂದ ಮರುಮದುವೆಯ ಪ್ರಸ್ತಾಪ ಬಂತು. ಮಕ್ಕಳನ್ನು ಒಬ್ಬ ಪೋಷಕರಿಗೆ ಒಪ್ಪಿಸಬೇಕೆಂಬುದು ಅದರಲ್ಲಿದ್ದ ಷರತ್ತು. ಮಾರ್ಗರೀಟಾ ಒಪ್ಪಲಿಲ್ಲ.

ಆಂತೋನಿಯೊನನ್ನು ಖಳನಾಯಕನಂತೆ ಚಿತ್ರಿಸುವುದು ಸುಲಭ. ಹಳೆಯ ಸಂತಚರಿತ್ರೆಗಳು ಹಾಗೆಯೇ ಮಾಡಿವೆ. ನಮಗೆ ಅದು ನ್ಯಾಯವೆನಿಸುವುದಿಲ್ಲ. ಮೂರನೇ ವರ್ಷದಲ್ಲಿ ಹೆತ್ತ ತಾಯಿಯನ್ನು, ಒಂಬತ್ತನೇ ವರ್ಷದಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗನವನು. ಬೆಳೆಯುತ್ತಿದ್ದಂತೆ ಹೊಲದ ದುಡಿಮೆಯ ಭಾರವೆಲ್ಲ ಅವನ ಹೆಗಲಿಗೇ ಬಿತ್ತು. ಮಲತಮ್ಮ ಪುಸ್ತಕ ಹಿಡಿದು ಕೂತದ್ದು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಪುಸ್ತಕ ಮುಟ್ಟದೆಯೇ ತಾನು ಇಷ್ಟು ಗಟ್ಟಿಮುಟ್ಟಾಗಿ ಬೆಳೆದಿಲ್ಲವೇ ಎಂದು ಒಮ್ಮೆ ಹಂಗಿಸಿದಾಗ, ನಮ್ಮ ಕತ್ತೆಯೂ ಶಾಲೆಗೆ ಹೋಗಿಲ್ಲ, ಅದು ನಿನಗಿಂತ ದಪ್ಪಗಿದೆ ಎಂದು ಜಾನ್ ತಿರುಗಿ ಹೇಳಿಬಿಟ್ಟ. ಏಟು ತಪ್ಪಿಸಿಕೊಳ್ಳಲು ಓಡಬೇಕಾಯಿತು.

ಜಗಳ ದಿನೇ ದಿನೇ ಹೆಚ್ಚಾದಾಗ, 1828ರ ಫೆಬ್ರವರಿಯ ಚಳಿಯಲ್ಲಿ ಮಾರ್ಗರೀಟಾ ಕಿರಿಯ ಮಗನನ್ನು ಹೊರಗೆ ಕೆಲಸ ಹುಡುಕಲು ಕಳುಹಿಸಿದರು. ಈ ನಿರ್ಧಾರ ಆ ತಾಯಿಗೆ ಎಷ್ಟು ಕಷ್ಟವಾಗಿರಬೇಕೆಂದು ಓದುಗರೇ ಊಹಿಸಿಕೊಳ್ಳಲಿ. ಜಾನ್ ಮೊಲ್ಯಾ ಎಂಬವರ ಹೊಲದ ಮನೆಗೆ ಹೋದ. ಚಳಿಗಾಲದಲ್ಲಿ ಆಳು ಬೇಡವೆಂದರು. ಹುಡುಗ ಅತ್ತು ಬೇಡಿಕೊಂಡಾಗ ಮನೆಯೊಡತಿಯ ಮನ ಕರಗಿತು. ಅಲ್ಲಿ ದನ ಮೇಯಿಸುತ್ತಾ ಸುಮಾರು ಒಂದೂಮುಕ್ಕಾಲು ವರ್ಷ ಕಳೆದ.

1829ರ ಕೊನೆಯಲ್ಲಿ ಸೋದರಮಾವ ಮೈಕಲ್ ಅವನನ್ನು ಮನೆಗೆ ಕರೆತಂದರು. ಅದೇ ನವೆಂಬರಿನಲ್ಲಿ ವೃದ್ಧ ಧರ್ಮಗುರು ಫಾದರ್ ಕಲೋಸ್ಸೊ ಅವರ ಪರಿಚಯವಾಯಿತು. ಪ್ರವಚನವನ್ನು ಒಪ್ಪಿಸಬಲ್ಲೆಯಾ ಎಂದು ಕೇಳಿದಾಗ ಹುಡುಗ ಇಡೀ ಪ್ರವಚನವನ್ನೇ ಹೇಳಿ ಮುಗಿಸಿದ. ಅವರು ಅವನಿಗೆ ಲ್ಯಾಟಿನ್ ಕಲಿಸಿದರು. ಅದಕ್ಕಿಂತ ಹೆಚ್ಚಾಗಿ, ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಕೊಳ್ಳಲು ಮೊತ್ತಮೊದಲ ಬಾರಿಗೆ ಅವನಿಗೊಬ್ಬ ಹಿರಿಯರು ಸಿಕ್ಕಿದರು. ಆದರೆ ಒಂದೇ ವರ್ಷದಲ್ಲಿ, 1830ರ ನವೆಂಬರಿನಲ್ಲಿ, ಕಲೋಸ್ಸೊ ತೀರಿಕೊಂಡರು. ಸಾಯುವಾಗ ಹಣದ ಪೆಟ್ಟಿಗೆಯ ಬೀಗದಕೈಯನ್ನು ಜಾನ್ ಕೈಗೆ ಕೊಟ್ಟಿದ್ದರು. ಹುಡುಗ ಅದನ್ನು ಅವರ ಸಂಬಂಧಿಕರಿಗೇ ಒಪ್ಪಿಸಿದ. ಎರಡನೇ ಸಲ ತಂದೆಯನ್ನು ಕಳೆದುಕೊಂಡವನಂತೆ ಬಹುಕಾಲ ಅತ್ತ. ಇತ್ತ ಮಾರ್ಗರೀಟಾ ಆಸ್ತಿ ಪಾಲು ಮಾಡಿಸಿ, ಆಂತೋನಿಯೊಗೆ ಅವನ ಭಾಗ ಕೊಟ್ಟು, ಮನೆಯ ಕಲಹಕ್ಕೆ ಕೊನೆ ಹಾಡಿದರು.

ಮುಂದಿನದು ಗೊತ್ತಿದ್ದದ್ದೇ. ಕಿಯೆರಿಯಲ್ಲಿ ವಿದ್ಯಾಭ್ಯಾಸ, ಸೆಮಿನರಿ, 1841ರ ಜೂನ್ 5ರಂದು ಟ್ಯೂರಿನ್‌ನಲ್ಲಿ ಗುರುದೀಕ್ಷೆ.

ಅದೇ ವರ್ಷ ಡಿಸೆಂಬರ್ 8ರಂದು, ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ, ಪೂಜಾವಸ್ತ್ರಗಳ ಕೋಣೆಗೆ ನುಗ್ಗಿದ ಹುಡುಗನೊಬ್ಬನಿಗೆ ಇಗರ್ಜಿಯ ಸೇವಕ ಹೊಡೆದು ಓಡಿಸಿದ. ಡಾನ್ ಬಾಸ್ಕೊ ಅವನನ್ನು ವಾಪಸು ಕರೆಸಿ, ತಮ್ಮ ಸ್ನೇಹಿತನೆಂದರು. ಬಾರ್ತೊಲೊಮೆಯೊ ಗರೆಲ್ಲಿ, ಹದಿನಾರು ವರ್ಷ, ತಂದೆ ಇಲ್ಲ, ತಾಯಿ ಇಲ್ಲ. ಓದಲು ಬಾರದು, ಹಾಡಲು ಬಾರದು. ಸಿಳ್ಳೆ ಹಾಕಲು ಬರುತ್ತದೆಯೇ ಎಂದು ಕೇಳಿದಾಗ ಹುಡುಗ ನಕ್ಕ. ಪ್ರಾರ್ಥನೆ, ಉಪದೇಶ ಎಲ್ಲ ಆ ನಗುವಿನ ನಂತರ ಬಂದವು. ಮಕ್ಕಳಿಗೆ ಕ್ರೈಸ್ತ ಶಿಕ್ಷಣ ಕೊಡುವ ನಾವು ಈ ಅನುಕ್ರಮವನ್ನು ಗಮನಿಸಬೇಕು.

1846ರ ಈಸ್ಟರ್‌ಗೆ ವಲ್ದೊಕ್ಕೊದ ಒಂದು ಶೆಡ್ಡಿನಲ್ಲಿ ಮಕ್ಕಳಿಗೆ ಸ್ಥಿರ ನೆಲೆ ಸಿಕ್ಕಿತು. ಬೇಸಿಗೆಯಲ್ಲಿ ಡಾನ್ ಬಾಸ್ಕೊ ಸಾಯುವಷ್ಟು ಕಾಯಿಲೆ ಬಿದ್ದು ಬದುಕಿಕೊಂಡರು. ನವೆಂಬರ್ 3ರಂದು ಅವರು ಬೆಕ್ಕಿಯಿಂದ ಕಾಲ್ನಡಿಗೆಯಲ್ಲಿ ಹಿಂತಿರುಗಿದಾಗ ಜೊತೆಯಲ್ಲಿ ಐವತ್ತೆಂಟು ವರ್ಷದ ಮಾರ್ಗರೀಟಾ ಇದ್ದರು. ಮೊಮ್ಮಕ್ಕಳೊಡನೆ ಸುಖವಾಗಿದ್ದ ತಾಯಿ ಬೀದಿಮಕ್ಕಳ ತಾಯಿಯಾಗಲು ಹೊರಟು ಬಂದಿದ್ದರು.

ಆರಂಭ ಸುಖಕರವಾಗಿರಲಿಲ್ಲ. ಹುಲ್ಲಟ್ಟದಲ್ಲಿ ಮಲಗಲು ಬಿಟ್ಟ ಹುಡುಗರು ಬೆಳಗಾಗುವಷ್ಟರಲ್ಲಿ ಕಂಬಳಿಗಳೊಂದಿಗೆ ಮಾಯವಾಗಿದ್ದರು! 1847ರ ಮೇ ತಿಂಗಳ ಒಂದು ಸಂಜೆ ಜೋರು ಮಳೆಯಲ್ಲಿ ಹದಿನೈದರ ಆಸುಪಾಸಿನ ಅನಾಥನೊಬ್ಬ ಬಾಗಿಲಿಗೆ ಬಂದ. ಮಾರ್ಗರೀಟಾ ಅವನಿಗೆ ಬಿಸಿ ಸೂಪು ಕೊಟ್ಟು, ಅಡುಗೆಮನೆಯಲ್ಲಿ ಇಟ್ಟಿಗೆಯ ಮೇಲೆ ಹಲಗೆ ಹಾಸಿ ಹಾಸಿಗೆ ಮಾಡಿದರು. ಮಲಗುವ ಮುನ್ನ ದುಡಿಮೆ, ಪ್ರಾಮಾಣಿಕತೆ, ದೇವರ ಬಗ್ಗೆ ನಾಲ್ಕು ಮಾತು ಹೇಳಿದರು. ಸಲೇಶಿಯನ್ ಸಂಸ್ಥೆಗಳಲ್ಲಿ ಪ್ರತಿರಾತ್ರಿ ಮಕ್ಕಳಿಗೆ ಹೇಳುವ ಶುಭರಾತ್ರಿಯ ಮಾತಿನ ಸಂಪ್ರದಾಯ ಅಲ್ಲಿಂದ ಬಂತು. ಆದರೂ ಆ ರಾತ್ರಿ ಪಾತ್ರೆಗಳ ಭಯಕ್ಕೆ ಅಡುಗೆಮನೆಗೆ ಬೀಗ ಹಾಕಿದ್ದರಂತೆ. ಪ್ರೀತಿಯೆಂದರೆ ಕಣ್ಣುಮುಚ್ಚಿ ನಂಬುವುದೆಂದು ತಾಯಿಯಾಗಲಿ ಮಗನಾಗಲಿ ತಿಳಿದಿರಲಿಲ್ಲ.

ಹೊಡೆತದ ಬಗ್ಗೆ ಮಾತ್ರ ಡಾನ್ ಬಾಸ್ಕೊ ರಾಜಿಯಾಗಲಿಲ್ಲ. 1852ರ ಫೆಬ್ರವರಿಯಲ್ಲಿ ಒಬ್ಬ ಬಡಗಿಯೊಡನೆ ಬರೆಸಿದ ಕರಾರುಪತ್ರ ಇಂದಿಗೂ ಉಳಿದಿದೆ. ಕೆಲಸ ಕಲಿಯುವ ಹುಡುಗನನ್ನು ಮಾತಿನಿಂದ ತಿದ್ದಬೇಕೇ ಹೊರತು ಕೈಮಾಡಕೂಡದೆಂದು ಅದರಲ್ಲಿದೆ. ಕೆಲಸಗಾರ ಮಕ್ಕಳಿಗೆ ಏಟು ಬೀಳುವುದು ಸಾಮಾನ್ಯವಾಗಿದ್ದ ಕಾಲವದು! 1877ರಲ್ಲಿ ಅವರು ತಮ್ಮ ಶಿಕ್ಷಣ ಕ್ರಮವನ್ನು ವಿವೇಕ, ಧರ್ಮ, ಅಕ್ಕರೆ ಎಂಬ ಮೂರು ಪದಗಳಲ್ಲಿ ಬರೆದಿಟ್ಟರು.

ಮೈಕಲ್ ಮಗೋನೆಯ ಕತೆ ಇದಕ್ಕೆ ಉದಾಹರಣೆ. ತಂದೆಯಿಲ್ಲದ ಈ ಪುಂಡ ಹುಡುಗರ ನಾಯಕ 1857ರ ಶರತ್ಕಾಲದಲ್ಲಿ ಕರ್ಮಾಞೋಲಾ ರೈಲು ನಿಲ್ದಾಣದಲ್ಲಿ ಅವರ ಕಣ್ಣಿಗೆ ಬಿದ್ದ. ವಲ್ದೊಕ್ಕೊಗೆ ಬಂದ ಮೇಲೆ ಮೊದಲು ಎಲ್ಲರಿಗಿಂತ ಜೋರಾಗಿ ಆಡಿದ. ತಿಂಗಳಾಗುತ್ತಲೇ ಮಂಕಾದ, ಆಟ ಬಿಟ್ಟ, ಮೂಲೆಯಲ್ಲಿ ನಿಂತು ಅಳತೊಡಗಿದ. ಡಾನ್ ಬಾಸ್ಕೊ ಗದರಿಸಲಿಲ್ಲ. ಹತ್ತಿರ ಕರೆದು, ತಮಗೊಂದು ಉಪಕಾರ ಮಾಡೆಂಬಂತೆ ದುಃಖದ ಕಾರಣ ಕೇಳಿದರು. ಹುಡುಗ ಬಾಯಿಬಿಡದೆ ಅತ್ತಾಗ ಸಮಯ ಕೊಟ್ಟು ಕಾದರು. ಕೊನೆಗೆ ಪಾಪನಿವೇದನೆಯಲ್ಲಿ ಅವನ ಮನಸ್ಸು ಹಗುರವಾಯಿತು. 1859ರ ಜನವರಿಯಲ್ಲಿ ಮೈಕಲ್ ತೀರಿಕೊಂಡಾಗ ಡಾನ್ ಬಾಸ್ಕೊ ಅವನ ಜೀವನಚರಿತ್ರೆ ಬರೆದರು.

ಗಲಾಟೆ ಮಾಡುವ ಮಗು, ಇದ್ದಕ್ಕಿದ್ದಂತೆ ಮೌನವಾಗುವ ಮಗು, ಇಬ್ಬರೂ ಏನನ್ನೋ ಹೇಳುತ್ತಿರಬಹುದೆಂದು ಇಂದಿನ ಮನಃಶಾಸ್ತ್ರಜ್ಞರೂ ಹೇಳುತ್ತಾರೆ. ನಮ್ಮ ಕರಾವಳಿಯ ಮನೆಗಳಲ್ಲೂ ಕುಡಿತದ ಜಗಳ, ಮುರಿದ ದಾಂಪತ್ಯ, ಹೊರದೇಶದಲ್ಲಿರುವ ತಂದೆ ಇವೆಲ್ಲ ಇವೆ. ಅಂಥ ಮಗು ನಮ್ಮ ಬಳಿ ಬಂದಾಗ ಪ್ರಾರ್ಥಿಸು ಎಂದಷ್ಟೇ ಹೇಳಿ ಕಳುಹಿಸುವುದು ಸಾಲದು. ಪಾಪನಿವೇದನೆ ಆಪ್ತಸಮಾಲೋಚಕರ ಬದಲಿಯಲ್ಲ. ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ, ಅದು ಮನೆಯವರಿಂದಲೇ ಆಗಿದ್ದರೂ, ಕುಟುಂಬದ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡುವುದು ಆ ಮಗುವಿಗೆ ಮಾಡುವ ಎರಡನೇ ಅನ್ಯಾಯ.

ಮಾರ್ಗರೀಟಾರಿಗೂ ಒಮ್ಮೆ ಸಾಕುಸಾಕಾಗಿತ್ತು. ಯುದ್ಧದಾಟ ಆಡಿದ ಹುಡುಗರು ಅವರ ತರಕಾರಿ ತೋಟವನ್ನು ತುಳಿದು ಹಾಳುಮಾಡಿದಾಗ ಊರಿಗೆ ಹೊರಡುತ್ತೇನೆಂದರು. ಮಗ ಮಾತಾಡದೆ ಗೋಡೆಯ ಮೇಲಿದ್ದ ಶಿಲುಬೆಯನ್ನು ತೋರಿಸಿದರು. ತಾಯಿ ಉಳಿದರು. 1856ರ ನವೆಂಬರ್ 25ರಂದು ಅಲ್ಲಿಯೇ ತೀರಿಕೊಂಡು, ಬಡವರ ಸಾಮಾನ್ಯ ಸಮಾಧಿಯಲ್ಲಿ ಮಣ್ಣಾದರು. ಡಾನ್ ಬಾಸ್ಕೊ ಕೊನ್ಸೊಲಾತಾ ಇಗರ್ಜಿಯಲ್ಲಿ ಬಲಿಪೂಜೆ ಅರ್ಪಿಸಿ, ಇನ್ನು ಮುಂದೆ ತಮ್ಮ ಮಕ್ಕಳಿಗೆ ನೀವೇ ತಾಯಿಯಾಗಬೇಕೆಂದು ಮಾತೆ ಮರಿಯಮ್ಮನವರಲ್ಲಿ ಬೇಡಿಕೊಂಡರು. ಅಡುಗೆಮನೆಯ ಕೆಲಸಕ್ಕೆ ಅವರ ಶಿಷ್ಯ ಮೈಕಲ್ ರುವಾ ಅವರ ತಾಯಿ ಬಂದು ಸೇರಿಕೊಂಡರು.