ಒಂದು ಬಟ್ಟಲು ಗಂಜಿಯ ಋಣ



ನಿಮ್ಮ ಮನೆಯಲ್ಲಿ ಯಾರಾದರೂ ಸೈಕಲಿನಿಂದ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾರೆಯೇ? ಅಥವಾ ನೀವೇ ಹಾಗೆ ಮಲಗಿ, ಈಗ ಮೆಲ್ಲನೆ ಹೆಜ್ಜೆ ಹಾಕುತ್ತಿದ್ದೀರಾ? ಬ್ರಹ್ಮಾವರದಿಂದ ಕುಂದಾಪುರ ದಾಟಿ ಬೈಂದೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಸೈಕಲ್ ತುಳಿಯುವವರಿಗೆ ಬೀಳುವ ಭಯ ಹೊಸತಲ್ಲ. ಬಿದ್ದ ನೋವು ಬಹಳ ದಿನ ನೆನಪಿರುತ್ತದೆ. ಆದರೆ ಎತ್ತಿ ಕೂರಿಸಿದವರು, ಆಸ್ಪತ್ರೆಗೆ ಮುಟ್ಟಿಸಿದವರು, ಗಂಜಿ ಕುಡಿಸಿದವರು ಗುಣವಾದ ಮೇಲೆ ಎಷ್ಟು ದಿನ ನೆನಪಿನಲ್ಲಿರುತ್ತಾರೆ? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟ ಸಂತರೊಬ್ಬರು ಮುನ್ನೂರು ವರ್ಷಗಳಿಗೂ ಹಿಂದೆ ನಮ್ಮ ಈ ನಾಡಿನಲ್ಲೇ ನಡೆದಾಡಿದ್ದರು. ಅವರೇ ಸಂತ ಜೋಸೆಫ್ ವಾಜ್.

1651ರ ಏಪ್ರಿಲ್ 21ರಂದು ಗೋವಾದ ಬೆಣಾವ್ಲಿ ಗ್ರಾಮದಲ್ಲಿ ಅವರು ಜನಿಸಿದರು. 1676ರಲ್ಲಿ ಯಾಜಕ ದೀಕ್ಷೆ ಪಡೆದರು. 1681ರಲ್ಲಿ ಅವರನ್ನು ಕೆನರಾಕ್ಕೆ ಕಳುಹಿಸಲಾಯಿತು. ಆಗ ಈ ಕರಾವಳಿ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯಲ್ಲಿತ್ತು. ಇಲ್ಲಿನ ಕಥೋಲಿಕರು ಎರಡು ಪಂಗಡಗಳಾಗಿ ಒಡೆದಿದ್ದರು. ಗೋವಾದ ಅಧಿಕಾರವನ್ನು ಒಪ್ಪುವವರು ಒಂದು ಕಡೆ, ರೋಮಿನಿಂದ ನೇಮಕಗೊಂಡ ಬಿಷಪ್ ತೋಮಸ್ ದೆ ಕ್ಯಾಸ್ತ್ರೊ ಅವರನ್ನು ಒಪ್ಪುವವರು ಇನ್ನೊಂದು ಕಡೆ. ಫಾದರ್ ವಾಜ್ ಯಾರನ್ನೂ ದೂಷಿಸದೆ, ಎರಡೂ ಕಡೆಯವರನ್ನು ಸಮಾಧಾನಪಡಿಸಲು ಶ್ರಮಿಸಿದರು. ಕುಂದಾಪುರ, ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರಗಳ ವಿಶ್ವಾಸಿಗಳ ನಡುವೆ ಬರಿಗಾಲಲ್ಲೇ ನಡೆದರು. ಸೇತುವೆಗಳಿಲ್ಲದ ಆ ಕಾಲದಲ್ಲಿ ನಮ್ಮ ಹೊಳೆಗಳನ್ನು ದೋಣಿಯಲ್ಲಿ ದಾಟಬೇಕಿತ್ತು. ಕುಂದಾಪುರದ ರೋಜರಿ ಮಾತೆಯ ಇಗರ್ಜಿಯವರು ಅವರ ನೆನಪನ್ನು ಇಂದಿಗೂ ಭಕ್ತಿಯಿಂದ ಕಾಪಾಡಿಕೊಂಡು ಬಂದಿದ್ದಾರೆ.

1684ರಲ್ಲಿ ಅವರು ಗೋವಾಕ್ಕೆ ಮರಳಿದರು. ಆದರೆ ಸುಮ್ಮನೆ ಕೂರುವ ಮನಸ್ಸು ಅವರದಾಗಿರಲಿಲ್ಲ. ಸಿಲೋನಿನ ಕರಾವಳಿಯನ್ನು ವಶಪಡಿಸಿಕೊಂಡಿದ್ದ ಡಚ್ಚರು ಅಲ್ಲಿ ಕಥೋಲಿಕ ಯಾಜಕರನ್ನು ನಿಷೇಧಿಸಿದ್ದರು. ಅಲ್ಲಿನ ಮಕ್ಕಳು, ಮುದುಕರು, ಮರಣಶಯ್ಯೆಯಲ್ಲಿದ್ದವರು ಸಂಸ್ಕಾರಗಳಿಲ್ಲದೆ ಉಳಿದಿದ್ದರು. 1687ರಲ್ಲಿ ಫಾದರ್ ವಾಜ್ ತಮ್ಮ ಸೇವಕ ಜಾನ್‌ನೊಡನೆ ಬಡ ಕೂಲಿಯವನ ವೇಷದಲ್ಲಿ ತೂತುಕುಡಿಯಿಂದ ಹಡಗು ಹತ್ತಿ ಜಾಫ್ನಾ ಸೇರಿದರು.

ಅಲ್ಲಿ ಕಾದಿದ್ದುದು ಸ್ವಾಗತವಲ್ಲ, ಕಾಯಿಲೆ. ಹಡಗಿನ ಕಷ್ಟದ ಪ್ರಯಾಣದಿಂದ ರಕ್ತಭೇದಿ ಹಿಡಿದು ಅವರು ನೆಲಕಚ್ಚಿದರು. ಗುರುತಿನವರಿಲ್ಲ, ಕೈಯಲ್ಲಿ ಕಾಸಿಲ್ಲ, ತಾನು ಯಾರೆಂದು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ಆಗ ಕರುಣೆಯುಳ್ಳ ಒಬ್ಬ ಹೆಂಗಸು ಆ ಬಡ ಪರದೇಶಿಗೆ ಗಂಜಿ ತಂದುಕೊಟ್ಟು ಬದುಕಿಸಿದಳೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಒಂದು ದೇಶದ ಕ್ರೈಸ್ತ ವಿಶ್ವಾಸ ಮತ್ತೆ ಚಿಗುರಲು ಒಂದು ಬಟ್ಟಲು ಗಂಜಿ ಆಧಾರವಾಯಿತು!

ಗುಣವಾದ ಕೂಡಲೇ ಅವರು ಊರಿಗೆ ಮರಳುವ ಹಡಗು ಹುಡುಕಲಿಲ್ಲ. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರ ಕಂಡು ಯಾರ ಮುಖ ಅರಳುತ್ತದೋ ಅವರೇ ಕಥೋಲಿಕರೆಂದು ತಿಳಿದುಕೊಂಡರು. ರಾತ್ರಿಯ ಹೊತ್ತು ಗುಟ್ಟಾಗಿ ಬಲಿಪೂಜೆ ಅರ್ಪಿಸಿದರು.

1692ರಲ್ಲಿ ಅವರು ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಸಂಶಯದಿಂದ ಅವರನ್ನು ಸೆರೆಯಲ್ಲಿಟ್ಟರು. 1697ರಲ್ಲಿ ಅದೇ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಪ್ರಾಣಭಯದಿಂದ ಜನ ಸ್ವಂತ ಮನೆಯವರನ್ನೇ ಬಿಟ್ಟು ಓಡಿದರು. ಫಾದರ್ ವಾಜ್ ಮಾತ್ರ ಓಡಲಿಲ್ಲ. ತಮ್ಮ ಸೋದರಳಿಯ ಫಾದರ್ ಜೋಸೆಫ್ ಕಾರ್ವಾಲೊ ಅವರೊಡನೆ ರೋಗಿಗಳಿಗೆ ಆಸರೆ ಒದಗಿಸಿ, ಊಟ ಕೊಟ್ಟು, ಹುಣ್ಣು ತೊಳೆದು, ಸತ್ತವರನ್ನು ಮಣ್ಣು ಮಾಡಿದರು. ಇವರು ಯಾವ ಜಾತಿ, ಯಾವ ಧರ್ಮ ಎಂದು ಕೇಳಲಿಲ್ಲ. ಇದನ್ನೆಲ್ಲ ಕಂಡ ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರಿಯನಿಗೆ ಅವರ ಮೇಲೆ ಗೌರವ ಹೆಚ್ಚಿತು.

ನೋಡಿ, ಹತ್ತು ವರ್ಷಗಳ ಹಿಂದೆ ಜಾಫ್ನಾದಲ್ಲಿ ಗಂಜಿ ಕುಡಿದು ಬದುಕಿದ ಕೈ ಕ್ಯಾಂಡಿಯಲ್ಲಿ ಇನ್ನೊಬ್ಬರಿಗೆ ಅನ್ನ ಕೊಟ್ಟಿತು. ಗಂಜಿ ಕೊಟ್ಟಾಕೆಗೆ ಅದನ್ನು ಹಿಂದಿರುಗಿಸಲು ಯಾರಿಂದ ಸಾಧ್ಯ? ಇಂಥ ಋಣವನ್ನು ಮುಂದಿನವರಿಗೆ ಕೊಟ್ಟೇ ತೀರಿಸಬೇಕು.

1710ರಲ್ಲಿ ಅವರು ಮತ್ತೆ ಕಾಯಿಲೆ ಬಿದ್ದರು. ಜ್ವರ ಬಿಟ್ಟರೂ ಶಕ್ತಿ ಮರಳಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ, 59ನೆಯ ವಯಸ್ಸಿನಲ್ಲಿ, ಪ್ರಭುವಿನ ಸನ್ನಿಧಿ ಸೇರಿದರು. 1995ರಲ್ಲಿ ದ್ವಿತೀಯ ಜಾನ್ ಪಾವ್ಲರು ಅವರನ್ನು ಧನ್ಯರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ವಾಚಕರೇ, ಪ್ಲಾಸ್ಟರ್ ಬಿಚ್ಚಿದ ದಿನ ದೇವರಿಗೆ ಒಂದು ಮೇಣದಬತ್ತಿ ಹಚ್ಚಿರಿ, ಒಳ್ಳೆಯದೇ. ಹಾಗೆಯೇ ಅಂದು ನಿಮ್ಮನ್ನು ಎತ್ತಿದವರ ಮನೆಗೊಮ್ಮೆ ಹೋಗಿ ಬನ್ನಿ. ಅವರು ಯಾರೆಂದು ಗೊತ್ತಿಲ್ಲವೇ? ಹಾಗಾದರೆ ನೆರೆಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ವಿಚಾರಿಸಿ. ಇಂದು ಸಂಜೆ ಅವರ ಮನೆಗೆ ಸ್ವಲ್ಪ ಗಂಜಿ ಒಯ್ಯಿರಿ.