ಮೆದುಳಿನ ರಕ್ತನಾಳಕ್ಕೆ ಮೊದಲ ಕ್ಲಿಪ್: ಯಾರು ಈ ವಾಲ್ಟರ್ ಡ್ಯಾಂಡಿ?

ಮೆದುಳಿನ ರಕ್ತನಾಳ ಬಲೂನಿನಂತೆ ಊದಿಕೊಂಡರೆ ಮುಗಿಯಿತು, ಆಪರೇಷನ್ ಮಾಡಿಸಿದರೂ ಪ್ರಯೋಜನವಿಲ್ಲ. ಇಂಥ ಮಾತನ್ನು ನೀವೂ ಕೇಳಿರಬಹುದು. ಒಂದು ಕಾಲದಲ್ಲಿ ಇದು ಬಹುಮಟ್ಟಿಗೆ ನಿಜವೇ ಆಗಿತ್ತು. ಅದನ್ನು ಬದಲಿಸಿದವರಲ್ಲಿ ಮುಖ್ಯರು ಅಮೆರಿಕದ ಸರ್ಜನ್ ವಾಲ್ಟರ್ ಡ್ಯಾಂಡಿ.

ಡ್ಯಾಂಡಿ ಹುಟ್ಟಿದ್ದು 1886ರಲ್ಲಿ, ಮಿಸೌರಿಯ ಸೆಡೇಲಿಯಾದಲ್ಲಿ. ತಂದೆ ರೈಲು ಓಡಿಸುತ್ತಿದ್ದರು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಕೀಯ ಓದಿ, ಕೊನೆಯವರೆಗೂ ಅಲ್ಲೇ ಉಳಿದರು. ಸಿಟಿ ಸ್ಕ್ಯಾನ್ ಇಲ್ಲದ 1918ರಲ್ಲಿ, ಮೆದುಳಿನ ಒಳಕುಹರಗಳಿಗೆ ಗಾಳಿ ತುಂಬಿ ಎಕ್ಸ್-ರೇ ತೆಗೆಯುವ ವಿಧಾನ ಕಂಡುಹಿಡಿದರು.

ಈ ಕಾಯಿಲೆಗೆ ಅನ್ಯೂರಿಸಮ್ ಎನ್ನುತ್ತಾರೆ. ಸವೆದ ಸೈಕಲ್ ಟ್ಯೂಬ್ ಒಂದು ಕಡೆ ಉಬ್ಬುವಂತೆ, ರಕ್ತನಾಳದ ದುರ್ಬಲ ಜಾಗ ಉಬ್ಬುತ್ತದೆ. ಆಗಿನ ವೈದ್ಯರು ಸಾಮಾನ್ಯವಾಗಿ ಕುತ್ತಿಗೆಯಲ್ಲೇ ದೊಡ್ಡ ರಕ್ತನಾಳವನ್ನು ಕಟ್ಟಿಬಿಡುತ್ತಿದ್ದರು. ಉಬ್ಬಿಗೆ ಒತ್ತಡ ಕಡಿಮೆಯಾಗುತ್ತಿತ್ತು, ಆದರೆ ಮೆದುಳಿಗೂ ರಕ್ತ ಸಾಲದೆ ಪಾರ್ಶ್ವವಾಯು ಹೊಡೆಯುವ ಭಯವಿತ್ತು. 1931ರಲ್ಲಿ ಎಡಿನ್‌ಬರೋದ ನಾರ್ಮನ್ ಡಾಟ್ ತಲೆ ತೆರೆದು, ಉಬ್ಬಿಗೆ ಸ್ನಾಯುವಿನ ತುಂಡು ಸುತ್ತಿದ್ದರು. ಹಾಗಾಗಿ ಮೊದಲ ಆಪರೇಷನ್ ಡ್ಯಾಂಡಿಯವರದು ಎನ್ನುವುದು ತಪ್ಪು.

1937ರ ಮಾರ್ಚ್ 23ರಂದು ಅವರ ಮುಂದಿದ್ದವರು 43 ವರ್ಷದ ಒಬ್ಬ ವ್ಯಕ್ತಿ. ಒಂದು ಕಣ್ಣಿನ ರೆಪ್ಪೆ ಜೋತುಬಿದ್ದಿತ್ತು; ಉಬ್ಬು ಕಣ್ಣಿನ ನರವನ್ನು ಒತ್ತುತ್ತಿತ್ತು. ಡ್ಯಾಂಡಿ ಉಬ್ಬಿನ ಕುತ್ತಿಗೆಗೆ ಮಾತ್ರ ಪುಟ್ಟ ಬೆಳ್ಳಿ ಕ್ಲಿಪ್ ಹಾಕಿದರು. ರಕ್ತನಾಳ ಎಂದಿನಂತೆ ಹರಿಯುತ್ತಲೇ ಇತ್ತು, ಉಬ್ಬಿಗೆ ರಕ್ತ ನಿಂತಿತು. ರೋಗಿ ಗುಣಮುಖರಾದರು. ತಮಾಷೆಯೆಂದರೆ, ಅಂಥ ಬೆಳ್ಳಿ ಕ್ಲಿಪ್ ಮೊದಲು ರೂಪಿಸಿದ್ದು ಹಾರ್ವೆ ಕುಶಿಂಗ್. ಡ್ಯಾಂಡಿಯವರ ಹಳೆಯ ಗುರು, ಆಮೇಲೆ ಜೀವಮಾನದ ಎದುರಾಳಿ!

ಅನ್ಯೂರಿಸಮ್ ಬಗ್ಗೆ 1944ರಲ್ಲಿ ಪುಸ್ತಕ ಬರೆದ ಡ್ಯಾಂಡಿ, 1946ರಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಎಲ್ಲ ತಲೆನೋವೂ ಅನ್ಯೂರಿಸಮ್ ಅಲ್ಲ, ಎಷ್ಟೋ ಅನ್ಯೂರಿಸಮ್ ಒಡೆಯುವುದೇ ಇಲ್ಲ. ಆದರೆ ಹಿಂದೆಂದೂ ಬಾರದಷ್ಟು ಜೋರು ತಲೆನೋವು ಸಿಡಿಲಿನಂತೆ ಬಡಿದರೆ ಮಾತ್ರೆ ನುಂಗಿ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಈಗ ತಲೆ ತೆರೆಯದೆಯೂ ಚಿಕಿತ್ಸೆಯಿದೆ: ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಉಬ್ಬಿನೊಳಗೆ ಪ್ಲಾಟಿನಂ ಸುರುಳಿ ತುಂಬುತ್ತಾರೆ. ಇದು 1990ರ ದಶಕದಿಂದ ಬಳಕೆಗೆ ಬಂತು. ಕ್ಲಿಪ್ಪೋ ಸುರುಳಿಯೋ ಎಂಬುದನ್ನು ಉಬ್ಬಿನ ಜಾಗ, ಆಕಾರ, ರೋಗಿಯ ಸ್ಥಿತಿ ನೋಡಿ ವೈದ್ಯರು ನಿರ್ಧರಿಸುತ್ತಾರೆ.